ಮೂರು ರಾಶಿ ಚಮಚ

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಸಂಬಳದ ಕಾಗದದ ಮೇಲೆ ಏನೋ ಒಂದು ಹೆಸರಿದೆ, ಅದು ಅಲ್ಲೇ ಇರಲಿ. ಗೇಟಿನ ಕಾವಲುಗಾರನಿಂದ ಹಿಡಿದು ಮೂರನೇ ಮಹಡಿಯ ಡಾಕ್ಟರಮ್ಮನವರೆಗೆ ಎಲ್ಲರಿಗೂ ಅವಳು ಉಪ್ಪಕ್ಕ. ವಯಸ್ಸು ಐವತ್ತೆರಡು, ಮಂಡಿ ನೋವು, ಬಾಯಿ ಜೋರು, ಕೈ ಮಾತ್ರ ಬಂಗಾರ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಇನ್ನೂರು ಜನಕ್ಕೆ ಬೇಯಿಸಿ ಹಾಕಿದವಳು ಒಂದೇ ಒಂದು ದಿನ ಉಪ್ಪು ಹೆಚ್ಚುಕಮ್ಮಿ ಮಾಡಿರಲಿಲ್ಲ. ಆಮೇಲೆ ಅಂಥದ್ದೊಂದು ದಿನವೂ ಬಂತು.

ಉಪ್ಪಕ್ಕ ಅನ್ನುವ ಹೆಸರು ಬಂದದ್ದು ಒಂದು ಸ್ಟೀಲ್ ಡಬ್ಬಿಯಿಂದ. ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ ಸಣ್ಣ ಉರಿಯಲ್ಲಿ ಗರಿಗರಿಯಾಗಿ ಹುರಿಯುವುದು. ಕಾಳುಮೆಣಸನ್ನು ತರಿತರಿಯಾಗಿ ಕುಟ್ಟುವುದು. ಹಿತ್ತಲ ಗೋಡೆಯ ಪಕ್ಕ ಕುಂಡದಲ್ಲಿ ಬೆಳೆಯುವ ಒಂದು ಸಣ್ಣೆಲೆಯ ಸೊಪ್ಪು, ಅವಳ ಅವ್ವ ಅದನ್ನು ಘಮದ ಸೊಪ್ಪು ಅನ್ನುತ್ತಿದ್ದಳು, ಅದನ್ನು ನೆರಳಲ್ಲಿ ಒಣಗಿಸಿ ಅಂಗೈಯಲ್ಲಿ ತಿಕ್ಕುವುದು. ಕೊನೆಗೆ ಉಪ್ಪು ಸೇರಿಸಿ ಎಲ್ಲವನ್ನೂ ಕಲ್ಲಿನಲ್ಲಿ ನುಣ್ಣಗೆ ಅರೆದು ಡಬ್ಬಿಗೆ ತುಂಬುವುದು. ಬೇಯಿಸಿದ ಆಲೂಗಡ್ಡೆ ಇರಲಿ, ಬೀನ್ಸ್ ಇರಲಿ, ಬರೀ ಮೊಟ್ಟೆ ಇರಲಿ, ಮೇಲೆ ಇದನ್ನು ಉದುರಿಸಿದರೆ ಜ್ವರದ ಬಾಯಿಯವನೂ ಇನ್ನೊಂದು ತುತ್ತು ಕೇಳುತ್ತಿದ್ದ.

ವಿದ್ಯೆ ಅವಳದ್ದಲ್ಲ, ಅವಳ ಅಕ್ಕನದು. ಅವ್ವ ಬೇಗ ತೀರಿಕೊಂಡಳು. ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ ಮದುವೆ ಗಿದುವೆ ಅನ್ನದೆ ಗಿರಣಿಯ ಎದುರು ಒಂದು ಊಟದ ಅಂಗಡಿ ಇಟ್ಟು ತಂಗಿಯನ್ನು ಸಾಕಿದಳು. ಅಕ್ಕನಿಗೆ ಎರಡು ಹಟ. ಒಂದು, ಒಲೆಯ ಮುಂದೆ ನಿಂತವರು ನಾಲಿಗೆಯಲ್ಲಿ ರುಚಿ ನೋಡಬಾರದು, ಹಬೆಗೆ ಮೂಗು ಹಿಡಿದು ತಿಳಿಯಬೇಕು. ಇನ್ನೊಂದು, ಉಪ್ಪಿನ ಚಮಚ ಯಾವತ್ತೂ ಮಟ್ಟ ಇರಬೇಕು. ಹೆಬ್ಬೆರಳಿನಿಂದ ಸವರಿ ಮಟ್ಟ ಮಾಡದೆ ರಾಶಿ ಚಮಚ ಹಾಕಿದರೆ ತಂಗಿಯ ಗೆಣ್ಣಿಗೆ ಅದೇ ಚಮಚದಿಂದ ಬೀಳುತ್ತಿತ್ತು. ಊರಲ್ಲಿ ಯಾರ ಅಡುಗೆಯನ್ನೂ ಅಕ್ಕ ಚೆನ್ನಾಗಿದೆ ಅಂದವಳಲ್ಲ. ಎದುರಿಗಿರುವವರು ಉಪ್ಪಿನ ವಿಷಯದಲ್ಲಿ ತಪ್ಪು ಮಾತಾಡಿದರೆ ಸುಮ್ಮನೆ ಕೇಳಿಕೊಂಡು ಕೂತವಳೂ ಅಲ್ಲ. ಒಮ್ಮೆ ಬಸ್ಸಿನಲ್ಲಿ ಗುರುತಿಲ್ಲದ ಇಬ್ಬರು ಹೆಂಗಸರು ಉಪ್ಪಿನಕಾಯಿಯ ಲೆಕ್ಕ ಮಾತಾಡುತ್ತಿದ್ದಾಗ ಇವಳು ನಡುವೆ ಬಾಯಿ ಹಾಕಿ ಜಗಳವಾಗಿ, ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು.

ಆ ಅಕ್ಕ ಈಗ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಬಾಗಿಲ ಪಕ್ಕದ ಒಂದನೇ ಮಂಚದಲ್ಲಿ ಮಲಗಿದ್ದಳು. ಹೃದಯ ಸೋತಿತ್ತು. ಕಾಲು ಬಾತು, ಎದೆಯಲ್ಲಿ ನೀರು ತುಂಬಿ, ಉಸಿರು ಸಿಕ್ಕದೆ ಬಂದವಳು. ಹತ್ತೊಂಬತ್ತು ದಿನದ ಔಷಧಿಯಲ್ಲಿ ನೀರು ಇಳಿದಿತ್ತು. ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: ಉಪ್ಪು ಮುಟ್ಟಬಾರದು, ಮತ್ತೊಮ್ಮೆ ನೀರು ತುಂಬಿದರೆ ಈ ಹೃದಯ ತಡೆಯುವುದಿಲ್ಲ.

ಆ ವಾರ್ಡಿನಲ್ಲಿ ಹನ್ನೊಂದು ಮಂಚ, ಹನ್ನೊಂದು ಮಂದಿಗೂ ಉಪ್ಪಿಲ್ಲದ ಊಟ. ಅವರ ಸಪ್ಪೆ ಮುಖ ನೋಡಲಾರದೆ ಉಪ್ಪಕ್ಕ ನಾಲ್ಕು ವರ್ಷದ ಹಿಂದೆಯೇ ಎರಡನೇ ಡಬ್ಬಿ ಮಾಡಿದ್ದಳು. ಅದೇ ಬೆಳ್ಳುಳ್ಳಿ, ಅದೇ ಮೆಣಸು, ಅದೇ ಸೊಪ್ಪು, ಉಪ್ಪು ಮಾತ್ರ ಇಲ್ಲ. ಹೆಡ್ ಸಿಸ್ಟರ್ ಹತ್ತಿರ ಆರು ತಿಂಗಳು ಗೋಗರೆದು ಒಪ್ಪಿಗೆ ತಂದಿದ್ದಳು. “ಆಯ್ತು ಉಪ್ಪಕ್ಕ,” ಅಂದಿದ್ದರು ಅವರು. “ಆದ್ರೆ ಒಂದೇ ಒಂದು ಎಡವಟ್ಟಾದ್ರೂ ಡಬ್ಬಿನೂ ಹೊರಗೆ, ಒಲೆ ಮುಂದಿಂದ ನೀವೂ ಹೊರಗೆ.”

ಎರಡು ಡಬ್ಬಿಯೂ ಒಂದೇ ಅಳತೆ, ಒಳಗಿನ ಪುಡಿಯೂ ಒಂದೇ ಬಣ್ಣ. ಚೀಟಿ ಅಂಟಿಸು ಅಂದವರಿಗೆ ಉಪ್ಪಕ್ಕ, “ನನ್ನ ಕೈಗೆ ಕಣ್ಣಿದೆ, ಹೋಗಿ” ಅನ್ನುತ್ತಿದ್ದಳು. ಒಲೆಗೆ ಮುಖ ಮಾಡಿ ನಿಂತರೆ ಬಲಗಡೆ ಉಪ್ಪಿನದು, ಎಡಗಡೆ ಉಪ್ಪಿಲ್ಲದ್ದು. ಬಲಗೈ ದೊಡ್ಡ ಪಾತ್ರೆಗೆ ಮಟ್ಟ ಚಮಚ ಎಣಿಸಿ ಹಾಕುತ್ತಿತ್ತು. ಎಡಗೈ ಸಣ್ಣ ಪಾತ್ರೆಗೆ ಮೂರು ರಾಶಿ ಚಮಚ ಸುರಿಯುತ್ತಿತ್ತು. ಉಪ್ಪಿಲ್ಲದ್ದಕ್ಕೆ ಅಳತೆ ಯಾಕೆ, ಪಾಪ, ಘಮವಾದರೂ ಧಾರಾಳವಾಗಿರಲಿ ಅಂತ.

ಅಕ್ಕನಿಗೆ ಆ ಘಮವೂ ಸಾಲದು. ದಿನಾ ಅರ್ಧ ತಟ್ಟೆ ವಾಪಸ್, ಜೊತೆಗೆ ಬಡಿಸುವ ಹೆಂಗಸಿನ ಕೈಯಲ್ಲಿ ಒಂದು ಮಾತು: “ಹೇಳು ನಿಮ್ಮ ಉಪ್ಪಕ್ಕನಿಗೆ, ಹುಲ್ಲು ಬೇಯಿಸಿದ್ರೂ ಇದಕ್ಕಿಂತ ವಾಸಿ.” ಅದನ್ನು ಕೇಳಿದರೆ ಉಪ್ಪಕ್ಕನಿಗೆ ಸಮಾಧಾನ. ಬೈಯುವಷ್ಟು ಉಸಿರಿದೆಯಲ್ಲ, ಸಾಕು.

ಆ ದಿನ ಬೆಳಗ್ಗೆ ಗ್ಯಾಸ್ ರಿಪೇರಿಯವನು ಬಂದ. ಹಳೇ ಕೊಳವೆಯ ಪಕ್ಕ ಹೊಸದೊಂದು ಕೂರಿಸಬೇಕು ಅಂತ ಒಲೆಯ ಮೇಜನ್ನು ಗೋಡೆಯಿಂದ ಆಚೆ ಎಳೆದು, ಮುಂದುಗಡೆ ತನ್ನ ಸಾಮಾನೆಲ್ಲ ಹರಡಿಕೊಂಡು ನೆಲದ ಮೇಲೆ ಅಂಗಾತ ಮಲಗಿಬಿಟ್ಟ. “ಒಂದು ಗಂಟೆ ಕೆಲಸ ಅಮ್ಮಾ. ನೀವು ಆ ಕಡೆ ನಿಂತು ಅಡುಗೆ ಮುಗಿಸಿ, ಒಲೆ ಉರಿಯುತ್ತೆ,” ಅಂದ. ಉಪ್ಪಕ್ಕ ಅವನನ್ನು ಬೈದುಕೊಂಡೇ ಗೋಡೆಗೂ ಮೇಜಿಗೂ ನಡುವೆ ತೂರಿಕೊಂಡು, ಬಾಗಿಲಿನ ಕಡೆ ಮುಖ ಮಾಡಿ ನಿಂತಳು. ಡಬ್ಬಿಗಳು ಮೇಜಿನ ಮೇಲೆ ತಮ್ಮ ಜಾಗದಲ್ಲೇ ಇದ್ದವು. ತಿರುಗಿ ನಿಂತವಳು ಅವಳು. ಕೈಗಳಿಗೆ ಅದು ಗೊತ್ತಾಗಲಿಲ್ಲ.

ಎರಡು ಪಾತ್ರೆಯ ಹಬೆಗೂ ಮೂಗು ಹಿಡಿದು ನೋಡಿದಳು. ಬೆಳ್ಳುಳ್ಳಿ ಇದೆ, ಮೆಣಸಿದೆ, ಸೊಪ್ಪಿದೆ. ಉಪ್ಪಿಗೆ ವಾಸನೆ ಎಲ್ಲಿಂದ ಬರಬೇಕು? ಹನ್ನೆರಡೂ ಕಾಲಿಗೆ ಮೂರನೇ ಮಹಡಿಯ ಗಾಡಿ ಲಿಫ್ಟ್ ಹತ್ತಿತು.

ಲಿಫ್ಟಿನವನು ಗಾಡಿ ಮೇಲೆ ಬಿಟ್ಟು, ಲಿಫ್ಟಿಗೆ ಅಲ್ಲೇ ಬೀಗ ಹಾಕಿ, ಮೆಟ್ಟಿಲಿಳಿದು ಬಂದು ತಟ್ಟೆ ಹಿಡಿದು ಕೂತ. ದಿನಾ ಎಲ್ಲರಿಗಿಂತ ಮೊದಲು ಉಣ್ಣುವವನು ಅವನೇ. ಎರಡು ತುತ್ತು ಬಾಯಿಗಿಟ್ಟು, ಉಪ್ಪಕ್ಕನ ಮುಖ ನೋಡಿ ಹಲ್ಲು ಕಿರಿದ.

“ಏನು ಉಪ್ಪಕ್ಕ, ಇವತ್ತು ಹೆಸರು ಬದಲಾಯಿಸ್ಕೊಂಡ್ರಾ? ಸಪ್ಪಕ್ಕ ಅಂತ?”

“ಯಾಕೋ, ನಾಲಿಗೆಗೆ ತುಕ್ಕು ಹಿಡೀತಾ?”

“ನಿಮ್ಮಾಣೆ, ಒಂದು ಹರಳು ಉಪ್ಪಿಲ್ಲ. ಬೇಕಾದ್ರೆ ನೀವೇ ನೋಡಿ.”

ಪಾತ್ರೆ ತೊಳೆಯುವವಳು ನಕ್ಕಳು, ಮೇಜಿನ ಕೆಳಗಿದ್ದ ಗ್ಯಾಸಿನವನೂ ನಕ್ಕ. ಉಪ್ಪಕ್ಕನಿಗೂ ನಗು ಬಂತು. ಇಪ್ಪತ್ತೆರಡು ವರ್ಷಕ್ಕೆ ಒಂದು ಸಲ ಮರೆತೆನಾ ಅಂದುಕೊಂಡು ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ನಿಜ, ಸಪ್ಪೆ. ಆದರೆ ತಾನು ಮರೆತಿಲ್ಲ. ಅರವತ್ತು ಚಮಚ ಎಣಿಸಿ ಹಾಕಿದ್ದು ನೆನಪಿದೆ. ಹಾಕಿದ ಉಪ್ಪು ಇಲ್ಲಿಲ್ಲ ಅಂದರೆ ಎಲ್ಲಿದೆ?

ಅವಳು ತಲೆಯೆತ್ತಿದಳು. ಎದುರಿಗೆ ಬಾಗಿಲು ಕಂಡಿತು. ಒಲೆಯ ಮುಂದೆ ನಿಂತಾಗ ಅವಳಿಗೆ ಯಾವತ್ತೂ ಕಾಣುತ್ತಿದ್ದದ್ದು ಗೋಡೆ.

“ಅಯ್ಯೋ ದೇವರೇ,” ಅಂದಳು. “ನಮ್ಮಕ್ಕ!”

“ಏನಾಯ್ತು ಉಪ್ಪಕ್ಕ?”

“ಫೋನ್ ಮಾಡೋ ಮೇಲಕ್ಕೆ! ಯಾರೂ ತಿನ್ನಬಾರ್ದು ಅನ್ನು, ಮೂರನೇ ಮಹಡೀಲಿ ಯಾರೂ ತಟ್ಟೆ ಮುಟ್ಟಬಾರ್ದು ಅನ್ನು!” ಅನ್ನುತ್ತ ಗೋಡೆಗೂ ಮೇಜಿಗೂ ನಡುವಿನಿಂದ ನುಗ್ಗಿ, ಗ್ಯಾಸಿನವನ ಕಾಲು ತುಳಿದು, ಮೆಟ್ಟಿಲಿಗೆ ಓಡಿದಳು.

ಲಿಫ್ಟ್ ಮೇಲಿತ್ತು, ಬೀಗದ ಕೈ ಕೆಳಗಿತ್ತು. ಅದಕ್ಕೆ ಕಾಯುವ ವ್ಯವಧಾನ ಅವಳಿಗಿರಲಿಲ್ಲ. ಮೊದಲ ಮಹಡಿ ಹೇಗೆ ಹತ್ತಿದಳೋ ಗೊತ್ತಿಲ್ಲ. ಎರಡನೆಯದಕ್ಕೆ ಮಂಡಿ ಕಟಕಟ ಅಂದಿತು, ಕಂಬಿ ಹಿಡಿದು ಎಳೆದುಕೊಂಡಳು. ಕೆಳಗಿನಿಂದ ಲಿಫ್ಟಿನವನ ಕೂಗು ಬಂತು: “ಫೋನ್ ಎತ್ತುತ್ತಿಲ್ಲ ಉಪ್ಪಕ್ಕ!” ಗಾಡಿ ಹೋಗಿ ಹದಿನೈದು ನಿಮಿಷ. ಬಡಿಸುವುದು ಒಂದನೇ ಮಂಚದಿಂದಲೇ ಶುರು. ಅಕ್ಕ ಅರ್ಧ ತಟ್ಟೆ ಬಿಡುವವಳು, ಇವತ್ತು ಪೂರ್ತಿ ಬಿಡಲಿ ಅಂತ ಬೇಡಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ತನ್ನ ಅಡುಗೆ ಅಕ್ಕನ ಬಾಯಿಗೆ ಸೇರದಿರಲಿ ಅಂತ ಬೇಡಿಕೊಂಡಳು.

ವಾರ್ಡಿನ ಬಾಗಿಲಲ್ಲಿ ಗಲಾಟೆ ನಡೆಯುತ್ತಿತ್ತು. ಬಡಿಸುವ ಹೆಂಗಸು ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. ಹತ್ತು ತಟ್ಟೆಗಳು ಹತ್ತು ಮಂಚದ ಪಕ್ಕ ತುಂಬಿದ ಹಾಗೇ ಇದ್ದವು. ಒಂದನೇ ಮಂಚದಲ್ಲಿ ಅಕ್ಕ ದಿಂಬಿಗೆ ಒರಗಿ ಕೂತು ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗುತ್ತಿದ್ದಳು: “ಕೂದಲಿದೆ ಅಂದ್ನಲ್ಲ! ಇಷ್ಟುದ್ದ ಕೂದಲು! ಯಾರೂ ಮುಟ್ಟಬೇಡಿ, ಎಲ್ಲಾ ವಾಪಸ್ ಕಳಿಸಿ!”

ಕೂದಲೇ? ಇಪ್ಪತ್ತೆರಡು ವರ್ಷ ತಲೆಗೆ ಬಟ್ಟೆ ಕಟ್ಟದೆ ಉಪ್ಪಕ್ಕ ಒಲೆ ಹಚ್ಚಿದವಳಲ್ಲ. ಆದರೆ ಅದನ್ನು ಯೋಚಿಸಲು ಹೊತ್ತಿರಲಿಲ್ಲ. ಅವಳ ಕಣ್ಣು ಅಕ್ಕನ ತಟ್ಟೆಯ ಮೇಲೆ ಬಿತ್ತು. ತಟ್ಟೆ ಒರೆಸಿಟ್ಟ ಹಾಗೆ ಖಾಲಿ ಇತ್ತು.

“ತಿಂದ್ಯಾ?” ಅಂದಳು ಉಪ್ಪಕ್ಕ. ಉಸಿರು ಮೇಲೆ ಕೆಳಗಾಗುತ್ತಿತ್ತು.

“ಕೂದಲಿರೋ ಊಟ ಯಾರು ತಿಂತಾರೆ? ಒಂದು ತುತ್ತು ಬಾಯಿಗಿಟ್ಟು ಉಗುಳಿದೆ. ಉಳಿದಿದ್ದು ಬುಟ್ಟಿಗೆ ಹಾಕ್ದೆ. ಗುಡಿಸೋಳು ಈಗಷ್ಟೇ ತಗೊಂಡು ಹೋದಳು.”

ಹೆಡ್ ಸಿಸ್ಟರ್ ಬಂದರು, ಹಿಂದೆಯೇ ಡಾಕ್ಟರಮ್ಮ. ಉಪ್ಪಕ್ಕ ಏನನ್ನೂ ಮುಚ್ಚಿಡಲಿಲ್ಲ. ಡಬ್ಬಿ ಅದಲುಬದಲಾಯಿತು, ತಪ್ಪು ತನ್ನದೇ, ಬೇರೆ ಯಾರದೂ ಅಲ್ಲ ಅಂದಳು. ಹೆಡ್ ಸಿಸ್ಟರ್ ಎರಡನೇ ಮಂಚದ ತಟ್ಟೆಯಿಂದ ಬೆರಳ ತುದಿಯಲ್ಲಿ ಒಂದಿಷ್ಟು ಬಾಯಿಗಿಟ್ಟುಕೊಂಡರು. ಅವರ ಮುಖ ಬಿಗಿಯಿತು. ಹತ್ತೂ ತಟ್ಟೆಗಳನ್ನು ಎತ್ತಿಸಿದರು.

ಡಾಕ್ಟರಮ್ಮ ಮಂಚದ ತುದಿಯಲ್ಲಿ ಕೂತು ಅಕ್ಕನ ಕೈ ಹಿಡಿದುಕೊಂಡರು. “ಅಮ್ಮಾ, ನನಗೆ ನಿಜ ಬೇಕು. ಬೆಳಗ್ಗೆಯಿಂದ ನಿಮ್ಮ ಬಿಪಿ ಕಮ್ಮಿ ಇದೆ. ನೀವು ತಿಂದಿದ್ರೆ ನಾನು ಈಗಲೇ ನೀರು ಇಳಿಸೋ ಇಂಜೆಕ್ಷನ್ ಕೊಡಬೇಕು, ಇಲ್ಲದಿದ್ರೆ ಸಂಜೆ ಹೊತ್ತಿಗೆ ಎದೆ ತುಂಬುತ್ತೆ. ತಿಂದಿಲ್ಲ ಅಂದ್ರೆ ಅದೇ ಇಂಜೆಕ್ಷನ್ನಿಂದ ಬಿಪಿ ಕುಸಿದು ಅಪಾಯ ಆಗುತ್ತೆ. ತಿಂದ್ರಾ, ಇಲ್ವಾ?”

“ಇಲ್ಲ ಅಂದ್ನಲ್ಲ.”

“ತಟ್ಟೆ ಇಷ್ಟು ಖಾಲಿ ಇದೆ?”

“ಬ್ರೆಡ್ಡಲ್ಲಿ ಒರೆಸಿ ಬುಟ್ಟಿಗೆ ಹಾಕ್ದೆ. ಎಂಜಲು ತಟ್ಟೆ ಹಾಗೇ ಕೊಡೋ ಅಭ್ಯಾಸ ನನಗಿಲ್ಲ. ಮೂವತ್ತು ವರ್ಷ ಅಂಗಡಿ ನಡೆಸಿದೀನಿ.” ಹೆಡ್ ಸಿಸ್ಟರ್ ಕಡೆ ತಿರುಗಿ ಸೇರಿಸಿದಳು: “ಯಾರಿಗೂ ಏನೂ ಆಗಿಲ್ಲ. ಇಷ್ಟಕ್ಕೆ ನನ್ನ ತಂಗೀನ ಕೆಲಸದಿಂದ ತೆಗೀಬೇಡಿ.”

ಉಪ್ಪಕ್ಕನಿಗೆ ಆಗ ಎಲ್ಲ ಅರ್ಥವಾಯಿತು. ಕೂದಲೂ ಸುಳ್ಳು, ಉಗುಳಿದ್ದೂ ಸುಳ್ಳು. ಹೊಟ್ಟೆಯೊಳಗೆ ಉಪ್ಪು ಇಟ್ಟುಕೊಂಡು ಇವಳು ತಂಗಿಯ ಕೆಲಸ ಉಳಿಸುತ್ತಿದ್ದಾಳೆ! ಕೋಪ ನೆತ್ತಿಗೇರಿತು, ಭಯ ಅದಕ್ಕಿಂತ ಹೆಚ್ಚಾಗಿ ಏರಿತು. “ಸುಳ್ಳು ಹೇಳ್ತಿದಾಳೆ ಡಾಕ್ಟರಮ್ಮ!” ಅಂದಳು. ಅಕ್ಕ ಅಷ್ಟೇ ಗಟ್ಟಿಯಾಗಿ, “ನೀನು ನೋಡಿದ್ಯಾ?” ಅಂದಳು. ಯಾರೂ ನೋಡಿರಲಿಲ್ಲ. ಬಡಿಸುವ ಹೆಂಗಸು ಆಗ ವಾರ್ಡಿನ ಆ ತುದಿಯಲ್ಲಿದ್ದಳು, ಪಕ್ಕದ ಮಂಚದವರು ತಮ್ಮ ತಟ್ಟೆಯಲ್ಲಿ ಕೂದಲು ಹುಡುಕುತ್ತಿದ್ದರು, ಗುಡಿಸುವವಳು ಬುಟ್ಟಿಯನ್ನು ಆಗಲೇ ದೊಡ್ಡ ತೊಟ್ಟಿಗೆ ಸುರಿದಿದ್ದಳು. ಡಾಕ್ಟರಮ್ಮ ಬಿಪಿ ಪಟ್ಟಿಯನ್ನು ಇನ್ನೊಮ್ಮೆ ಕಟ್ಟಿ, ಅಂಕಿ ನೋಡಿ, ಸಿರಿಂಜ್ ಇದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅನುಮಾನದ ಮೇಲೆ ಕೊಡುವ ಔಷಧಿ ಅಲ್ಲ ಅದು.

ಬೇಡಿದರೆ ಅಕ್ಕ ಬಗ್ಗುವವಳಲ್ಲ. ಅತ್ತರೆ ಇನ್ನೂ ಗಟ್ಟಿಯಾಗುವವಳು. ಅದು ಉಪ್ಪಕ್ಕನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬೇಕೆಂದೇ ತಾತ್ಸಾರದ ದನಿ ತೆಗೆದಳು.

“ಹೋಗ್ಲಿ ಬಿಡಿ ಡಾಕ್ಟರಮ್ಮ. ತಿಂದಿದ್ರೂ ಏನೂ ಆಗ್ತಿರಲಿಲ್ಲ. ನಾನು ಹಾಕಿದ್ದು ಒಂದೂವರೆ ಚಮಚ. ಅದೂ ಮಟ್ಟ.”

ಅಕ್ಕನ ಹುಬ್ಬು ಕದಲಿತು.

“ಬೆಳ್ಳುಳ್ಳಿನೂ ಈ ಸಲ ಹುರೀಲಿಲ್ಲ. ಹಸೀದೇ ಅರೆದೆ,” ಅಂದಳು ಉಪ್ಪಕ್ಕ. “ಮೆಣಸು ಅಂತೂ ಹಾಕೇ ಇಲ್ಲ. ಆ ಹಳೇ ಕಾಲದ ಪದ್ಧತಿ ಎಲ್ಲಾ ಈಗ ಯಾರಿಗೆ ಬೇಕು? ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ.”

“ಯಾರಿಗೇ ಗೊತ್ತಾಗಲ್ಲ?” ಅಕ್ಕ ದಿಂಬು ಬಿಟ್ಟು ಎದ್ದು ಕೂತಳು. “ಯಾರ ಮುಂದೆ ಹೇಳ್ತಿದೀಯ ಪುಟ್ಟಿ? ಒಂದೂವರೆಯಂತೆ, ಮಟ್ಟ ಅಂತೆ! ಮೂರು ಚಮಚ, ಮೂರೂ ರಾಶಿ! ಬೆಳ್ಳುಳ್ಳಿ ಹಸೀದಂತೆ! ಒಂದು ಸುತ್ತು ಜಾಸ್ತಿ ಹುರಿದು ಕಹಿ ಮಾಡಿದೀಯ. ಮೆಣಸೆಲ್ಲಾ ತಳದಲ್ಲಿ ಕೂತಿತ್ತು, ಕೊನೇ ತುತ್ತಿಗೆ ನಾಲಿಗೆ ಚುರ್ ಅಂತು!”

ಅಕ್ಕ ಬಾಯಿ ಮುಚ್ಚಿಕೊಂಡಳು, ಆದರೆ ಮಾತು ಆಗಲೇ ಹೊರಬಿದ್ದಿತ್ತು.

“ಕೊನೇ ತುತ್ತಿಗೆ,” ಅಂದರು ಡಾಕ್ಟರಮ್ಮ ಮೆಲ್ಲಗೆ. ಆಮೇಲೆ ಎದ್ದು ನಿಂತರು. “ಸಿಸ್ಟರ್, ಇಂಜೆಕ್ಷನ್. ಆಕ್ಸಿಜನ್ ಪಕ್ಕದಲ್ಲಿಡಿ. ನಾನು ಹೇಳೋ ತನಕ ಒಂದು ತೊಟ್ಟು ನೀರು ಕೊಡಬೇಡಿ.”

ಮಧ್ಯಾಹ್ನವಿಡೀ ಉಪ್ಪಕ್ಕ ಆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತ ಗಾದೆ. ಇಲ್ಲಿ ಉಪ್ಪು ತಿಂದವಳಿಗೆ ನೀರು ಕೊಡುವ ಹಾಗಿಲ್ಲ. ಅಕ್ಕನ ತುಟಿ ಒಣಗಿ ಬಿಳಿಚಿತು. ಒದ್ದೆ ಬಟ್ಟೆ ತುಟಿಗೆ ಒತ್ತಲು ಹೋದರೆ ಮುಖ ಆಚೆ ತಿರುಗಿಸಿದಳು. ತಂಗಿ ತನ್ನನ್ನು ಎಲ್ಲರೆದುರು ಸಿಕ್ಕಿಹಾಕಿಸಿದಳಲ್ಲ ಅನ್ನುವ ಸಿಟ್ಟು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಮಂಚದ ಕೆಳಗೆ ನೇತುಹಾಕಿದ್ದ ಚೀಲಕ್ಕೆ ಮೂತ್ರ ಬೀಳಬೇಕು. ಅದು ಬಿದ್ದರೆ ಎದೆಯ ನೀರು ಇಳಿಯುತ್ತಿದೆ ಅಂತ ಅರ್ಥ. ಎರಡು ಗಂಟೆಗೆ ತಳ ನೆನೆಯುವಷ್ಟು ಇತ್ತು. ಮೂರಕ್ಕೆ ನೋಡಿದರೂ ಅಷ್ಟೇ. ಮೂರೂವರೆಗೆ ಅಕ್ಕನ ಉಸಿರು ಬದಲಾಯಿತು. ಕತ್ತಿನ ನರ ಎದ್ದು ಕಂಡಿತು, ಎದೆಯೊಳಗೆ ಗೊರಗೊರ ಕೇಳಿತು. ಡಾಕ್ಟರಮ್ಮ ಓಡಿ ಬಂದು ಮುಖಕ್ಕೆ ಆಕ್ಸಿಜನ್ ಹಾಕಿ, ಮಂಚದ ತಲೆಭಾಗ ಎತ್ತರಿಸಿ, ಬಿಪಿ ನೋಡಿ ತುಟಿ ಕಚ್ಚಿ, ಎರಡನೇ ಇಂಜೆಕ್ಷನ್ ಕೊಟ್ಟರು. “ಇನ್ನು ಕಾಯೋದೊಂದೇ,” ಅಂದರು.

ಉಪ್ಪಕ್ಕ ಕಾದಳು. ನಿಮಿಷಕ್ಕೆ ಎಷ್ಟು ಉಸಿರು ಅಂತ ಬೆರಳು ಮಡಿಸಿ ಎಣಿಸಿದಳು. ಮೂವತ್ತಾರು, ಮೂವತ್ತೆಂಟು, ಮತ್ತೆ ಮೂವತ್ತೆಂಟು. ಅಕ್ಕನ ಕೈ ಅವಳ ಕೈ ಹುಡುಕಿ ಬಂದು ಗೆಣ್ಣು ಹಿಡಿದುಕೊಂಡಿತು. ಚಮಚದಲ್ಲಿ ಹೊಡೆಯುತ್ತಿದ್ದ ಅದೇ ಗೆಣ್ಣು. ಈ ಕೈ ತಣ್ಣಗಾದರೆ ತಾನು ಬದುಕಿರಬಾರದು ಅಂತ ಉಪ್ಪಕ್ಕನಿಗೆ ಅನ್ನಿಸಿತು. ಮೂವತ್ತೇಳು. ಮೂವತ್ತನಾಲ್ಕು. ಎಣಿಕೆ ತಪ್ಪಿತೇನೋ ಅಂತ ಮತ್ತೆ ಎಣಿಸಿದಳು. ಮೂವತ್ತೊಂದು.

ಐದು ಗಂಟೆಗೆ ವಾರ್ಡಿನ ಸಿಸ್ಟರ್ ಒಬ್ಬಳು ಬಗ್ಗಿ ಚೀಲ ನೋಡಿದಳು. “ಬಂತು,” ಅಂದಳು. “ಉಪ್ಪಕ್ಕ, ನೋಡಿ, ಅರ್ಧ ಚೀಲ ಬಂತು!” ಪರರ ಮೂತ್ರದ ಚೀಲ ನೋಡಿ ಯಾರಾದರೂ ಕೈ ಮುಗಿದಿದ್ದರೆ ಅದು ಉಪ್ಪಕ್ಕ ಒಬ್ಬಳೇ ಇರಬೇಕು.

ಆರು ಗಂಟೆಯ ಹೊತ್ತಿಗೆ ಅಕ್ಕನ ಮುಖದಿಂದ ಆಕ್ಸಿಜನ್ ತೆಗೆದರು. ಒಂದು ಗುಟುಕು ನೀರು ಸಿಕ್ಕಿತು. ಅದನ್ನು ಬಾಯಲ್ಲೇ ಇಟ್ಟುಕೊಂಡು ತುಂಬ ಹೊತ್ತಾದ ಮೇಲೆ ನುಂಗಿದಳು.

“ಸುಮ್ನೆ ಇದ್ದಿದ್ರೆ ನಿನ್ನ ಕೆಲಸ ಉಳೀತಿತ್ತಲ್ಲೇ,” ಅಂದಳು.

“ಕೆಲಸ ತಗೊಂಡು ನಿನ್ನ ತಿಥಿ ಮಾಡ್ಲಾ? ಮೊದಲ ತುತ್ತಲ್ಲೇ ಗೊತ್ತಾಯ್ತು ತಾನೇ?”

“ನಾಲಿಗೆಗೆ ಇಡುವಾಗಲೇ. ಎಲ್ಲೋ ಎಡವಿದಾಳೆ ಪುಟ್ಟಿ ಅಂದ್ಕೊಂಡೆ. ಬೇರೆಯವರು ತಿನ್ನಬಾರ್ದು ಅಂತ ಕೂದಲು ಅಂತ ಕೂಗಿದೆ.”

“ಸರಿ. ಹಾಗಾದ್ರೆ ನೀನ್ಯಾಕೆ ತಿಂದೆ?”

ಅಕ್ಕ ಕಿಟಕಿಯ ಕಡೆ ನೋಡಿದಳು. “ಹತ್ತೊಂಬತ್ತು ದಿನ ಆಗಿತ್ತು,” ಅಂದಳು. “ಎರಡನೇ ತುತ್ತಿಗೆ ನಿಲ್ಲಿಸೋಣ ಅಂತಿದ್ದೆ. ನಮ್ಮ ಅಂಗಡಿ ಊಟದ ಹಾಗೇ ಇತ್ತು ಕಣೇ. ಕೈ ನಿಲ್ಲಲಿಲ್ಲ.”

ಹೆಡ್ ಸಿಸ್ಟರ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ತಪ್ಪಲು ಕಾರಣವೂ ಇರಲಿಲ್ಲ. ಮರುದಿನದಿಂದ ಎರಡು ಡಬ್ಬಿಯೂ ಅಡುಗೆಮನೆಯಿಂದ ಹೊರಗೆ. ನಿಜ ಹೇಳಿದ್ದಕ್ಕೆ ಉಪ್ಪಕ್ಕನನ್ನು ಆಸ್ಪತ್ರೆಯಿಂದ ಕಳಿಸಲಿಲ್ಲ, ತಟ್ಟೆ ತೊಳೆಯುವ ತೊಟ್ಟಿಗೆ ಹಾಕಿದರು. ಒಲೆಗೆ ಬೇರೆಯವಳು ಬಂದಳು. ಮೂರನೇ ಮಹಡಿಗೆ ಈಗ ನೀರಲ್ಲಿ ಬೇಯಿಸಿದ ಆಲೂಗಡ್ಡೆ, ನೀರಲ್ಲಿ ಬೇಯಿಸಿದ ಬೀನ್ಸ್. ಉಪ್ಪಿಲ್ಲ ಸರಿ, ಬೆಳ್ಳುಳ್ಳಿ ಮೆಣಸೂ ಇಲ್ಲ, ಸೊಪ್ಪೂ ಇಲ್ಲ. ಆ ಹನ್ನೊಂದು ಜನರ ಬಾಯಿಂದ ಇದ್ದ ಸ್ವಲ್ಪ ರುಚಿಯನ್ನೂ ತಾನೇ ಕಿತ್ತುಕೊಂಡೆ ಅನ್ನುವುದು ಉಪ್ಪಕ್ಕನಿಗೆ ಒಲೆ ಕೈತಪ್ಪಿದ್ದಕ್ಕಿಂತ ಹೆಚ್ಚು ಸುಟ್ಟಿತು.

ಮೊದಲ ಮಧ್ಯಾಹ್ನ ಗಾಡಿ ವಾಪಸ್ ಬಂತು. ಹತ್ತು ತಟ್ಟೆಯಲ್ಲಿ ಅರ್ಧಕ್ಕರ್ಧ ಊಟ ಹಾಗೇ ಉಳಿದಿತ್ತು. ಒಂದನೇ ಮಂಚದ ತಟ್ಟೆಯನ್ನು ಉಪ್ಪಕ್ಕ ಎತ್ತಿ ನೋಡಿದಳು. ಒಂದು ಚೂರೂ ಇರಲಿಲ್ಲ, ಬ್ರೆಡ್ಡಿನಿಂದ ಒರೆಸಿತ್ತು.

“ಏನಂದಳು ನಮ್ಮಕ್ಕ?” ಅಂತ ಬಡಿಸುವ ಹೆಂಗಸನ್ನು ಕೇಳಿದಳು. “ಬೈದಿರಬೇಕಲ್ಲ?”

“ಇಲ್ಲಪ್ಪ. ಹೆಡ್ ಸಿಸ್ಟರ್ ಎದುರಿಗೇ ಕೂತು ಪೂರ್ತಿ ತಿಂದ್ರು. ಊಟ ಚೆನ್ನಾಗಿತ್ತು ಅಂತ ಅಡುಗೆಮನೆಗೆ ಹೇಳು ಅಂದ್ರು.”

ಅಕ್ಕ ಹುಟ್ಟಿದಾಗಿನಿಂದ ಯಾರ ಅಡುಗೆಗೂ ಆ ಮಾತು ಹೇಳಿದವಳಲ್ಲ. ಈಗ ಈ ಸಪ್ಪೆ ಊಟಕ್ಕೆ ಹೇಳಿಕಳಿಸಿದ್ದಳು, ತೊಟ್ಟಿಯ ಮುಂದೆ ನಿಂತ ತಂಗಿಗೆ ಕೇಳಲಿ ಅಂತ. ಉಪ್ಪಕ್ಕ ನಲ್ಲಿಯನ್ನು ಜೋರಾಗಿ ತಿರುಗಿಸಿ, ಆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.